‘ಪಿಟ್‌ಬುಲ್’ ಅನ್ನುವ ಮೊದಲು ಟೇಪು ಹಿಡಿದು ಅಳೆಯಿರಿ

ಮಂಗಳೂರು, ಉಡುಪಿ ಕಡೆ ಅಗಲ ತಲೆಯ, ಮೋಟು ರೋಮದ ನಾಯಿಯೊಂದು ಗೇಟಿಗೆ ಮುಂಗಾಲು ಕೊಟ್ಟು ನಿಂತರೆ ಸಾಕು, ಅದಕ್ಕೆ ಪಿಟ್‌ಬುಲ್ ಎಂಬ ಹೆಸರು ಬಿದ್ದಾಯಿತು. ಮೀನಿನ ಸ್ಕೂಟರಿನವರು ಆ ಮನೆಯ ಮುಂದೆ ಹಾರ್ನ್ ಹೊಡೆಯುವುದನ್ನು ಬಿಡುತ್ತಾರೆ. ಫ್ಲ್ಯಾಟಾದರೆ ಅಸೋಸಿಯೇಶನ್ನಿನವರು ಮೀಟಿಂಗ್ ಕರೆಯುತ್ತಾರೆ. ಇತ್ತ ಮರಿ ಮಾರುವವರ ಬಳಿ ಅದೇ ಹೆಸರಿಗೆ ಬೆಲೆ ಏರುತ್ತದೆ. ಹೆದರುವವರೂ ಕೊಳ್ಳುವವರೂ ಮಾಡುವ ತಪ್ಪು ಒಂದೇ: ಹೆಸರನ್ನು ಮೊದಲು ಇಟ್ಟು, ನಾಯಿಯನ್ನು ಆಮೇಲೆ ನೋಡುವುದು. ಇಲ್ಲಿ ಅದನ್ನು ತಿರುಗಿಸಿ ಮಾಡುವ ಕ್ರಮ ಇದೆ. ಮೊದಲು ಅಳತೆ, ಆಮೇಲೆ ನಡತೆ, ಹೆಸರು ಬೇಕೆನಿಸಿದರೆ ಕೊನೆಗೆ.

ಒಂದು ಹೆಸರಿನಡಿ ನಾಲ್ಕು ಬಗೆ

ಗೂಳಿಯ ಮೇಲೆ ನಾಯಿ ಬಿಡುವ ಆಟವನ್ನು ಬ್ರಿಟನ್ 1835ರಲ್ಲಿ ಕಾನೂನು ತಂದು ನಿಲ್ಲಿಸಿತು. ಚಟ ಮಾತ್ರ ನಿಲ್ಲಲಿಲ್ಲ, ಬಯಲಿನಿಂದ ಗುಂಡಿಗೆ ಇಳಿಯಿತು. ಬುಲ್‌ಡಾಗ್ ಮತ್ತು ಟೆರಿಯರ್ ಬೆರೆಸಿ ಹುಟ್ಟಿಸಿದ ನಾಯಿಗಳನ್ನು ಗುಂಡಿಯೊಳಗೆ ಕಾದಾಡಿಸತೊಡಗಿದರು. ‘ಪಿಟ್’ ಅಂದರೆ ಆ ಗುಂಡಿ. ಅಲ್ಲಿಂದ ಕವಲೊಡೆದ ನಾಲ್ಕನ್ನು ಇವತ್ತು ಒಟ್ಟಾಗಿ ಪಿಟ್‌ಬುಲ್ ಅನ್ನುತ್ತಾರೆ.

ಅಮೆರಿಕನ್ ಪಿಟ್ ಬುಲ್ ಟೆರಿಯರ್ ಇವುಗಳಲ್ಲಿ ಮೂಲ ಹೆಸರಿನದು. ನಾಯಿ ತಳಿಗಳನ್ನು ನೋಂದಾಯಿಸುವ ಅಮೆರಿಕದ ಸಂಸ್ಥೆ ಯುನೈಟೆಡ್ ಕೆನಲ್ ಕ್ಲಬ್ 1898ರಲ್ಲೇ ಇದನ್ನು ದಾಖಲಿಸಿಕೊಂಡಿತು. ಗಂಡು 18ರಿಂದ 21 ಇಂಚು ಎತ್ತರ, 16ರಿಂದ 27 ಕಿಲೋ. ಹೆಣ್ಣು 17ರಿಂದ 20 ಇಂಚು, 14ರಿಂದ 23 ಕಿಲೋ. ಓಡುವ ಮೈಕಟ್ಟು, ಹೊಟ್ಟೆ ಒಳಸರಿದಿರುತ್ತದೆ. 45 ಕಿಲೋ ಪಿಟ್‌ಬುಲ್ ಎಂದು ಯಾರಾದರೂ ತೋರಿಸಿದರೆ ಅದು ಬೇರೇನೋ, ಇಲ್ಲವೇ ಮ್ಯಾಸ್ಟಿಫ್ ಎಂಬ ದೈತ್ಯ ನಾಯಿಯ ಬೆರಕೆ.

ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್ ಅದೇ ಮೂಲದ, ಷೋಗಾಗಿ ತಿದ್ದಿ ಬೆಳೆಸಿದ ಕವಲು. ಅಮೆರಿಕನ್ ಕೆನಲ್ ಕ್ಲಬ್ 1936ರಲ್ಲಿ ಮಾನ್ಯ ಮಾಡಿತು. ಗಂಡು 18–19 ಇಂಚು, 25ರಿಂದ 32 ಕಿಲೋ. ಎತ್ತರ ಹೆಚ್ಚುಕಮ್ಮಿ ಒಂದೇ, ತೂಕ ಜಾಸ್ತಿ, ಹಾಗಾಗಿ ದಪ್ಪವಾಗಿ ಕಾಣುತ್ತದೆ. ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್ ಇಂಗ್ಲೆಂಡಿನದು, ಕುಳ್ಳು: 14ರಿಂದ 16 ಇಂಚು, 11ರಿಂದ 17 ಕಿಲೋ. ನಾಲ್ಕನೆಯದು ಅಮೆರಿಕನ್ ಬುಲ್ಲಿ, ತೀರ ಹೊಸದು. ಯುನೈಟೆಡ್ ಕೆನಲ್ ಕ್ಲಬ್ 2013ರಲ್ಲಿ ಒಪ್ಪಿಕೊಂಡಿತು. ಎದೆ ಅಗಲ, ಮುಂಗಾಲುಗಳ ನಡುವೆ ಅಂತರ ಜಾಸ್ತಿ, ತಲೆ ಮೈಗಿಂತ ದೊಡ್ಡದೇನೋ ಎನಿಸುತ್ತದೆ. ಪಾಕೆಟ್‌ನಿಂದ ಎಕ್ಸ್‌ಎಲ್‌ವರೆಗೆ ಅಳತೆಗಳಿವೆ. ಫೋಟೋ ನೋಡಿ ಪಿಟ್‌ಬುಲ್ ಅನ್ನಿಸುವ ನಾಯಿಗಳಲ್ಲಿ ಅನೇಕ ಈ ಬುಲ್ಲಿಗಳು.

‘ರೆಡ್ ನೋಸ್’, ‘ಬ್ಲೂ ನೋಸ್’ ಎಂಬ ಪ್ರತ್ಯೇಕ ಜಾತಿಗಳಿಲ್ಲ. ಅದು ಮೂಗಿನ ಬಣ್ಣ, ಅಷ್ಟೇ. ಕೋಳಿ ಅಂಕದಲ್ಲಿ ಬೊಳ್ಳೆ, ಕುಪ್ಪುಳೆ ಎಂದು ಗರಿಯ ಬಣ್ಣ ನೋಡಿ ಹೆಸರಿಟ್ಟು, ಕುಕ್ಕುಟ ಪಂಚಾಂಗ ಬಿಡಿಸಿ ಇವತ್ತು ಯಾವುದು ಗೆಲ್ಲುತ್ತದೆ ಎಂದು ಹೇಳುವ ಹಾಗೆ, ಮೂಗಿನ ಬಣ್ಣ ನೋಡಿ ನಾಯಿಯ ಗುಣ ಹೇಳುವವರಿದ್ದಾರೆ. ಆ ಬಣ್ಣಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಬೂದುನೀಲಿ ಮೈಬಣ್ಣಕ್ಕಂತೂ ಒಂದು ತೊಂದರೆಯೂ ಅಂಟಿಕೊಂಡಿದೆ. ಬಣ್ಣ ತಿಳಿಯಾಗಿಸುವ ಅದೇ ಜೀನ್‌ನಿಂದ ಕೆಲವು ನಾಯಿಗಳ ರೋಮ ಉದುರಿ ಚರ್ಮ ಹುರುಕು ಹಿಡಿಯುತ್ತದೆ. ನಮ್ಮ ಮಳೆಗಾಲದ ಥಂಡಿಯಲ್ಲಿ ಆ ಚರ್ಮವನ್ನು ಸಂಭಾಳಿಸುವುದು ಸುಲಭವಲ್ಲ.

ಅಳೆಯುವ ಕ್ರಮ

ಬೇಕಾದ್ದು ಟೈಲರ್ ಟೇಪು, ಒಂದು ಗಟ್ಟಿ ಪುಸ್ತಕ, ಪೆನ್ಸಿಲ್, ತೂಕದ ಮೆಶಿನ್, ನಾಯಿಗೆ ಪರಿಚಯದ ಒಬ್ಬರು. ನಾಯಿ ನಿಮ್ಮದಲ್ಲದಿದ್ದರೆ ಅಳತೆ ಹಿಡಿಯುವ ಕೆಲಸ ಅದರ ಯಜಮಾನರದ್ದು, ಬರೆದುಕೊಳ್ಳುವುದಷ್ಟೇ ನಿಮ್ಮದು.

ಸಮತಟ್ಟಾದ ನೆಲದ ಮೇಲೆ, ಬಾಗಿಲ ದಾರಂದದ ಪಕ್ಕ ನಾಯಿಯನ್ನು ನಾಲ್ಕೂ ಕಾಲು ನೇರವಾಗಿ ನಿಲ್ಲಿಸಿ. ಎತ್ತರ ಅಂದರೆ ತಲೆಯವರೆಗೆ ಅಲ್ಲ, ಹೆಗಲಿನವರೆಗೆ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ, ಎರಡು ಹೆಗಲ ಮೂಳೆಗಳ ತುದಿ ಕೈಗೆ ಸಿಗುವ ಜಾಗ ಅದು. ಅಲ್ಲಿ ಪುಸ್ತಕವನ್ನು ಅಡ್ಡಕ್ಕೆ ಇಟ್ಟು ದಾರಂದಕ್ಕೆ ತಾಗಿಸಿ, ಗುರುತು ಹಾಕಿ, ನೆಲದಿಂದ ಅಳೆಯಿರಿ. ಮೂರು ಸಲ ಅಳೆದು ನಡುವಿನದನ್ನು ಹಿಡಿಯಿರಿ. ನಾಯಿ ತಲೆ ತಗ್ಗಿಸಿದರೆ ಅರ್ಧ ಇಂಚು, ಕುಗ್ಗಿ ನಿಂತರೆ ಒಂದು ಇಂಚಿನವರೆಗೆ ವ್ಯತ್ಯಾಸ ಬರಬಹುದು. 16 ಇಂಚಿನ ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್‌ಗೂ 18 ಇಂಚಿನ ಪಿಟ್‌ಬುಲ್‌ಗೂ ಇರುವ ಅಂತರ ಎರಡೇ ಇಂಚು ಎಂಬುದು ನೆನಪಿರಲಿ.

ತೂಕಕ್ಕೆ ನಾಯಿಯನ್ನು ಎತ್ತಿಕೊಂಡು ಮೆಶಿನ್ ಹತ್ತಿ, ಆಮೇಲೆ ಒಬ್ಬರೇ ಹತ್ತಿ, ಕಳೆಯಿರಿ. 25 ಕಿಲೋ ಮೀರಿದ್ದನ್ನು ಎತ್ತಲು ಹೋಗಬೇಡಿ, ಪಶು ಆಸ್ಪತ್ರೆಯ ತೂಕದ ಹಲಗೆ ಸಾಕು.

ಇನ್ನು ತಲೆ. ಕಣ್ಣುಗಳ ನಡುವಿನ ತಗ್ಗಿನಿಂದ ಮೂಗಿನ ತುದಿಗೆ ಒಂದು ಅಳತೆ, ಅದೇ ತಗ್ಗಿನಿಂದ ತಲೆಯ ಹಿಂಭಾಗದ ಉಬ್ಬಿಗೆ ಇನ್ನೊಂದು. ಪಿಟ್ ಬುಲ್ ಟೆರಿಯರ್‌ನಲ್ಲಿ ಇವೆರಡರ ಅನುಪಾತ ಸುಮಾರು 2:3. ಮೂತಿ ಇದಕ್ಕಿಂತ ತೀರ ಮೋಟಾಗಿದ್ದರೆ ಬಾಕ್ಸರ್ ಅಥವಾ ಬುಲ್‌ಡಾಗ್ ರಕ್ತವನ್ನು ಯೋಚಿಸಿ. ಎರಡೂ ಸಮವಾಗಿದ್ದು ಮೂತಿ ಚೂಪಾಗುತ್ತ ಹೋಗಿದ್ದರೆ ಅದು ನಮ್ಮ ಊರ ನಾಯಿಯ ಮೂತಿ. ಪಕ್ಕದಿಂದಲೂ ನೋಡಿ. ಕೆಳದವಡೆ ಮುಂದೆ ಚಾಚಿ ಕೆಳಹಲ್ಲು ಮೇಲ್ಹಲ್ಲನ್ನು ದಾಟಿದರೆ ಅದು ಪಿಟ್‌ಬುಲ್ ಲಕ್ಷಣವಲ್ಲ, ಬಾಕ್ಸರ್‌ನದು.

ಬಾಲ ತುಂಬ ಹೇಳುತ್ತದೆ, ಜನ ನೋಡುವುದೇ ಇಲ್ಲ. ಈ ಬಗೆಯ ನಾಯಿಗಳ ಬಾಲ ಬುಡದಲ್ಲಿ ದಪ್ಪ, ತುದಿಗೆ ಬರುತ್ತ ಸಪೂರ, ಹಿಂಗಾಲಿನ ಮಡಿಕೆಯವರೆಗೆ ಉದ್ದ, ಸುಮ್ಮನಿದ್ದಾಗ ಹಳೇ ಬೋರ್‌ವೆಲ್ ಪಂಪಿನ ಹಿಡಿಯ ಹಾಗೆ ಕೆಳಗೆ ಬಾಗಿರುತ್ತದೆ. ಬೆನ್ನ ಮೇಲೆ ಕುಡುಗೋಲಿನಂತೆ ಸುರುಳಿಯಾಗಿದ್ದರೆ ಊರ ನಾಯಿಯ ಪಾಲಿರುವ ಸಾಧ್ಯತೆ ಹೆಚ್ಚು. ದಪ್ಪವಾಗಿ, ರೋಮ ತುಂಬಿ, ನೀರುನಾಯಿಯ ಬಾಲದ ಹಾಗಿದ್ದರೆ ಲ್ಯಾಬ್ರಡಾರ್.

ಬೆನ್ನ ರೋಮವನ್ನು ಹಿಂದಕ್ಕೆ ನೇವರಿಸಿ ಬುಡ ನೋಡಿ. ಪಿಟ್‌ಬುಲ್ ಬಗೆಗೆ ಒಂದೇ ಪದರ, ಮೋಟು, ಹೊಳಪು. ಕೆಳಗೆ ಮೆತ್ತನೆಯ ಉಣ್ಣೆಯಂಥ ಎರಡನೇ ಪದರ ಕಂಡರೆ ಲ್ಯಾಬ್ ಅಥವಾ ಬೇರೆ ಬೆರಕೆ. ಹುಲಿಪಟ್ಟೆ ಮೈಬಣ್ಣದಿಂದ ಏನೂ ತೀರ್ಮಾನ ಮಾಡಬೇಡಿ. ಊರ ನಾಯಿಗಳಲ್ಲೂ ಹುಲಿಪಟ್ಟೆ ಉಂಟು. ಕತ್ತರಿಸಿದ ಕಿವಿಯೂ ಸಾಕ್ಷಿಯಲ್ಲ. ಯಾವ ನಾಯಿಯ ಕಿವಿಯನ್ನು ಕತ್ತರಿಸಿದರೂ ಅದು ಪಿಟ್‌ಬುಲ್ ಹಾಗೆ ಕಾಣುತ್ತದೆ. ಚಂದಕ್ಕಾಗಿ ಕಿವಿ ಕತ್ತರಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಹಿಂಸೆ, ಆ ಮಾತು ಬೇರೆ. ಒಂದು ಕಿವಿಯ ತುದಿಯಲ್ಲಿ ಮಾತ್ರ ಸಣ್ಣ ಕಚ್ಚು ಇದ್ದರೆ ಅದು ಸಂತಾನಹರಣ ಚಿಕಿತ್ಸೆಯಾದ ಬೀದಿ ನಾಯಿಯ ಗುರುತು.

ತಪ್ಪಿ ಹಿಡಿಯುವ ನಾಯಿಗಳು

ಅತಿ ಹೆಚ್ಚು ಗೊಂದಲ ಲ್ಯಾಬ್ರಡಾರ್ ಮತ್ತು ಊರ ನಾಯಿಯ ಬೆರಕೆಯಲ್ಲಿ. ಅಗಲ ತಲೆ, ಮಡಿಕೆ ಕಿವಿ, ಮೋಟು ರೋಮ ಮೂರೂ ಬಂದು ನೋಡಿದವರು ಬೇಸ್ತು ಬೀಳುತ್ತಾರೆ. ಬಾಕ್ಸರ್ ಗಂಡು 23 ಇಂಚು ದಾಟುತ್ತದೆ. ಬುಲ್ ಟೆರಿಯರ್‌ನ ತಲೆ ಮೊಟ್ಟೆಯಾಕಾರ, ಹಣೆಯಲ್ಲಿ ತಗ್ಗೇ ಇಲ್ಲ, ಕಣ್ಣು ತ್ರಿಕೋನ. ಡೋಗೋ ಅರ್ಜೆಂಟಿನೋ ಬಿಳಿ, ಕೇನ್ ಕೋರ್ಸೋ ಹೆಚ್ಚಾಗಿ ಕಪ್ಪು ಅಥವಾ ಬೂದು. ಎರಡರ ಗಂಡೂ 24 ಇಂಚಿನ ಆಚೆಗಿನವು. ಪಂಜಾಬ್ ಕಡೆಯಿಂದ ಬರುವ ಬುಲ್ಲಿ ಕುತ್ತಾ ಇನ್ನೂ ಎತ್ತರ. ಹೀಗೆ ಬರಿಯ ಟೇಪಿನಿಂದಲೇ ಅರ್ಧ ಗೊಂದಲ ಬಗೆಹರಿಯುತ್ತದೆ.

ಉಳಿದರ್ಧ ಬಗೆಹರಿಯುವುದಿಲ್ಲ, ಅನುಭವಿಗಳ ಕಣ್ಣಿಗೂ. ಅಮೆರಿಕದ ಫ್ಲೋರಿಡಾದ ನಾಲ್ಕು ಆಶ್ರಯತಾಣಗಳಲ್ಲಿ 120 ನಾಯಿಗಳನ್ನು ಸಿಬ್ಬಂದಿ ನೋಡಿ ಗುರುತಿಸಿದ್ದನ್ನು ಡಿಎನ್‌ಎ ಜತೆ ತಾಳೆ ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಸಿಬ್ಬಂದಿ ಪಿಟ್‌ಬುಲ್ ಬಗೆ ಅಂದದ್ದು 62ನ್ನು. ಡಿಎನ್‌ಎ ಹೇಳಿದ್ದು 25. ಆ ಸಿಬ್ಬಂದಿಯಲ್ಲಿ ಪಶುವೈದ್ಯರೂ ಇದ್ದರು. ಕಾರಣ ಸರಳ. ಎತ್ತರ, ರೋಮ, ಕಿವಿ, ಬಣ್ಣ ಇವನ್ನು ಬೆರಳೆಣಿಕೆಯ ಜೀನ್‌ಗಳು ಬಹುಮಟ್ಟಿಗೆ ನಿರ್ಧರಿಸುತ್ತವೆ, ಬೆರಕೆಯಾದಾಗ ಅವು ಹೇಗೆ ಬೇಕಾದರೂ ಹಂಚಿಹೋಗುತ್ತವೆ. ಮೂರು ತಲೆಮಾರಿನ ಹಿಂದಿನ ಅಜ್ಜನ ತಲೆ ಬಂದಿರಬಹುದು, ಗುಣ ಬಂದಿರಬೇಕೆಂದಿಲ್ಲ.

ಮರಿ, ಕಾಗದ, ಡಿಎನ್‌ಎ

ಎರಡು ತಿಂಗಳ ಮರಿಯನ್ನು ನೋಡಿ ಜಾತಿ ಹೇಳುವುದು ಸಾಧ್ಯವಿಲ್ಲ. ಆ ವಯಸ್ಸಿನ ಎಷ್ಟೋ ಮರಿಗಳಿಗೆ ದುಂಡು ತಲೆ, ದಪ್ಪ ಪಾದ. ಹೊಟ್ಟೆಹುಳದಿಂದ ಉಬ್ಬಿದ ಹೊಟ್ಟೆಯನ್ನು ‘ಬುಲ್ಲಿ ಬಾಡಿ’ ಎಂದು ತೋರಿಸುವವರೂ ಇದ್ದಾರೆ. ಹಾಗಾಗಿ ತಾಯಿಯನ್ನು ನೋಡಲೇಬೇಕು, ಅದೂ ಮರಿಗಳ ಜತೆ, ಅದು ಇರುವ ಗೂಡಿನಲ್ಲೇ. ಹೆದ್ದಾರಿ ಬದಿಯಲ್ಲಿ, ಬಸ್‌ಸ್ಟ್ಯಾಂಡಿನ ಹೊರಗೆ ಕಾರಿನಿಂದ ಮರಿ ತೆಗೆದು ಕೊಡುವವರಿಂದ ಕೊಳ್ಳಬೇಡಿ. ಅಳತೆಗೆ ಅರ್ಥ ಬರುವುದು ಬೆಳವಣಿಗೆ ಮುಗಿದ ಮೇಲೆ, ಸುಮಾರು ಒಂದೂವರೆ ವರ್ಷಕ್ಕೆ.

2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಹುಟ್ಟಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಚರ್ಮದಡಿ ಕೂರಿಸುವ ಗುರುತಿನ ಮೈಕ್ರೋಚಿಪ್ ಇದೆ ಎಂದರೆ ಹೆಗಲ ನಡುವೆ ರೀಡರ್ ಹಿಡಿಸಿ, ಬಂದ 15 ಅಂಕಿಗಳನ್ನು ಕಾಗದದ ಅಂಕಿಗಳೊಂದಿಗೆ ನೀವೇ ಹೋಲಿಸಿ. ಅಂಕಿ ಹೊಂದದ ಕಾಗದ ಬೇರೆ ನಾಯಿಯದ್ದು. ಇನ್ನೊಂದು ಕಿವಿಮಾತು: ಕೆನಲ್ ಕ್ಲಬ್‌ಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರನ್ನು ಮಾನ್ಯ ಮಾಡಿದೆ, ಅಮೆರಿಕನ್ ಪಿಟ್ ಬುಲ್ ಟೆರಿಯರನ್ನು ಮಾಡಿಲ್ಲ. ಎಫ್‌ಸಿಐ ಮುದ್ರೆಯ ‘ಪಿಟ್‌ಬುಲ್’ ಸರ್ಟಿಫಿಕೇಟು ಕಂಡರೆ ಅಲ್ಲೇ ನಿಲ್ಲಿ.

ಡಿಎನ್‌ಎ ಪರೀಕ್ಷೆಗೆ ಕೆನ್ನೆಯ ಒಳಬದಿಯ ಎಂಜಲು ಬೇಕು. ತೆಗೆಯುವ ಮೊದಲು ಒಂದು ಗಂಟೆ ತಿನ್ನಲು ಕೊಡಬೇಡಿ, ಇನ್ನೊಂದು ನಾಯಿಯ ತಟ್ಟೆ, ಆಟದ ಸಾಮಾನು ಹತ್ತಿರ ಬಿಡಬೇಡಿ. ಮರಿ ತಾಯಿಯ ಹಾಲು ಕುಡಿಯುತ್ತಿದ್ದರೆ ಕಾಯಿರಿ, ಇಲ್ಲವಾದರೆ ತಾಯಿಯ ಡಿಎನ್‌ಎಯೂ ಸೇರುತ್ತದೆ. ಕಿಟ್ಟಿನ ಹತ್ತಿಕಡ್ಡಿಯನ್ನು ಕೆನ್ನೆಗೂ ಒಸಡಿಗೂ ನಡುವೆ ಹೇಳಿದಷ್ಟು ಹೊತ್ತು ತಿರುಗಿಸಿ, ನೆರಳಲ್ಲಿ ಪೂರ್ತಿ ಒಣಗಿಸಿಯೇ ಮುಚ್ಚಿ. ಜೂನ್–ಜುಲೈಯಲ್ಲಿ ನಮ್ಮಲ್ಲಿ ಅದು ಬೇಗ ಒಣಗುವುದಿಲ್ಲ, ಹಸಿಯಾಗಿ ಮುಚ್ಚಿದರೆ ಬೂಸ್ಟು ಬಂದು ಮಾದರಿ ಹಾಳು. ಫಲಿತಾಂಶ ಓದುವಾಗಲೂ ಎಚ್ಚರ ಬೇಕು. ಕಂಪೆನಿಯ ದತ್ತಾಂಶದಲ್ಲಿ ಭಾರತದ ಊರ ನಾಯಿಗಳ ಮಾದರಿ ಇಲ್ಲದಿದ್ದರೆ ಆ ಪಾಲನ್ನು ಅದು ಯಾವುದೋ ವಿದೇಶಿ ಜಾತಿಗಳ ಲೆಕ್ಕಕ್ಕೆ ಬರೆದುಬಿಡುತ್ತದೆ. ಐದು, ಆರು ಶೇಕಡಾ ಎಂದು ಬಂದ ಹೆಸರುಗಳನ್ನು ಮರೆತುಬಿಡಿ.

ಕೆಟ್ಟ ಹೆಸರು ಎಷ್ಟು ನಿಜ

ಅಂಕದ ಕೋಳಿ ಎದುರಿನ ಹುಂಜದ ಮೇಲೆ ಎರಗುತ್ತದೆ, ಬಗಲಲ್ಲಿ ಹಿಡಿದು ತಂದವರ ಮೇಲಲ್ಲ. ಗುಂಡಿಯ ನಾಯಿಗಳನ್ನೂ ಹಾಗೆಯೇ ಆರಿಸಿದ್ದು. ಜಗಳದ ನಡುವೆ ಕೈಹಾಕಿ ಬಿಡಿಸುವ ಯಜಮಾನನನ್ನು ಕಚ್ಚುವ ನಾಯಿ ಅಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ. ಬೇರೆ ನಾಯಿಗಳ ಮೇಲಿನ ಸಿಟ್ಟು ಈ ಬಗೆಯಲ್ಲಿ ಹೆಚ್ಚು ಕಾಣುವುದಕ್ಕೆ ಹಿನ್ನೆಲೆ ಅದು. ಮನುಷ್ಯರ ಮೇಲಿನ ಸಿಟ್ಟು ಬೇರೆಯದೇ ವಿಷಯ. ಆದರೆ ಇಷ್ಟಕ್ಕೇ ‘ಪಾಪದ ನಾಯಿ’ ಅಂದುಬಿಟ್ಟರೂ ತಪ್ಪು. ಹೊಡೆದು, ಕಟ್ಟಿಹಾಕಿ ಕಾವಲಿಗೆ ಬೆಳೆಸಿದವು, ಗುಣ ನೋಡದೆ ಬರಿಯ ತಲೆ ದಪ್ಪ ನೋಡಿ ಹುಟ್ಟಿಸಿದವು ಈಗ ಎಲ್ಲೆಡೆ ಇವೆ. ಲಖನೌದಲ್ಲಿ 2022ರ ಜುಲೈಯಲ್ಲಿ ಮನೆಯ ಸಾಕುನಾಯಿಯಿಂದಲೇ 82 ವರ್ಷದ ಮಹಿಳೆ ಸತ್ತರು; ಸುದ್ದಿಯಲ್ಲಿ ಅದು ಪಿಟ್‌ಬುಲ್ ಎಂದೇ ಬಂತು. 25 ಕಿಲೋ ಸ್ನಾಯು ಕಚ್ಚಿ ಹಿಡಿದು ತಲೆ ಕೊಡವಿದರೆ ಆಗುವ ಗಾಯ, ಪೊಮೆರೇನಿಯನ್ ಕಚ್ಚಿದ ಗಾಯವಲ್ಲ. ಸಾಕುವವರು ಇದನ್ನು ಒಪ್ಪಿಕೊಂಡೇ ಸಾಕಬೇಕು.

ದವಡೆಗೆ ಬೀಗ ಬೀಳುತ್ತದೆ ಎಂಬುದು ಸುಳ್ಳು. ಬೇರೆ ನಾಯಿಗಳಿಗಿಲ್ಲದ ಯಾವ ಮೂಳೆಯೂ ಕೀಲೂ ಅಲ್ಲಿಲ್ಲ. ಇರುವುದು ಹಿಡಿದದ್ದನ್ನು ಬಿಡದ ಹಠ. ಜಾತಿ ನೋಡಿ ಗುಣ ಹೇಳುವುದಕ್ಕೂ ಮಿತಿ ಇದೆ. 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಯಜಮಾನರನ್ನು ಕೇಳಿ, 2,155 ನಾಯಿಗಳ ಡಿಎನ್‌ಎ ಓದಿದ ಅಧ್ಯಯನವೊಂದು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಒಂದೊಂದು ನಾಯಿಯ ನಡತೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಜಾತಿಯಿಂದ ವಿವರಿಸಬಹುದಾದ ಪಾಲು ಸುಮಾರು 9 ಶೇಕಡಾ. ಹಾಗಾಗಿ ಅಳತೆ ಮುಗಿದ ಮೇಲೆ ನಡತೆಯನ್ನೂ ಬರೆದುಕೊಳ್ಳಿ: ಅನ್ನದ ತಟ್ಟೆಯ ಬಳಿ ಯಾರಾದರೂ ಹೋದರೆ, ಮಕ್ಕಳು ಓಡಿದರೆ, ಬೇರೆ ನಾಯಿ ಗೇಟಿನಾಚೆ ಹಾದರೆ, ದೀಪಾವಳಿಯ ಗರ್ನಾಲಿಗೆ ಅದು ಏನು ಮಾಡುತ್ತದೆ. ಬಾಲ ಅಲ್ಲಾಡಿದ ಮಾತ್ರಕ್ಕೆ ಸ್ನೇಹವಲ್ಲ. ಬಾಲ ಮೇಲಕ್ಕೆ ನೆಟ್ಟಗಾಗಿ ಸಣ್ಣಗೆ ನಡುಗುವುದು, ಮೈ ಒಮ್ಮೆಲೇ ಮರಗಟ್ಟುವುದು, ತಲೆ ತಿರುಗಿಸದೆ ಕಣ್ಣಿನ ಬಿಳಿ ತೋರಿಸುತ್ತ ಓರೆಯಾಗಿ ನೋಡುವುದು ಕಚ್ಚುವ ಮುಂಚಿನ ಸೂಚನೆಗಳು. ಗುರ್ ಅಂದದ್ದಕ್ಕೆ ಹೊಡೆದು ಬಾಯಿ ಮುಚ್ಚಿಸಿದ ನಾಯಿ ಮುಂದೆ ಗುರ್ ಅನ್ನದೆಯೇ ಕಚ್ಚುತ್ತದೆ.

ಸಾಕುವವರಿಗೆ

ಗಾರೆ ಹಾಕದ ಕೆಂಪುಕಲ್ಲಿನ ಪಾಗಾರ ಈ ನಾಯಿಗಳಿಗೆ ಏಣಿ ಇದ್ದ ಹಾಗೆ, ಕಲ್ಲಿನ ಸಂದಿಗೆ ಉಗುರು ಸಿಗುತ್ತದೆ. ಒಳಬದಿಗೆ ಗಾರೆ ಮಾಡಿಸಿ, ಆರು ಅಡಿ ಎತ್ತರ ಇರಲಿ, ಪಾಗಾರದ ಒಳಬದಿಗೆ ತಾಗಿಸಿ ಕಟ್ಟಿಗೆ, ತೆಂಗಿನ ಮಡಲು ರಾಶಿ ಹಾಕಬೇಡಿ. ಗೇಟಿನ ಕೆಳಗಿನ ಸಂದಿ ಮುಚ್ಚಿ. ಹಾಲಿನವರು, ಕೊರಿಯರಿನವರು ಬರುವ ಗೇಟಿಗೂ ನಾಯಿ ಓಡಾಡುವ ಜಾಗಕ್ಕೂ ನಡುವೆ ಇನ್ನೊಂದು ಬಾಗಿಲಿದ್ದರೆ ಅರ್ಧ ಅಪಾಯ ಕಳೆಯಿತು. ಇಡೀ ದಿನ ಚೈನಿನಲ್ಲಿ ಕಟ್ಟಿದರೆ ನಾಯಿ ಕೆರಳುತ್ತದೆ, ಹತ್ತಿರ ಬಂದ ಮಗುವಿಗೆ ಚೈನಿನ ಉದ್ದ ಗೊತ್ತಿರುವುದಿಲ್ಲ.

ಹೊರಗೆ ಹೋಗುವಾಗ ಐದಾರು ಅಡಿಯ ಗಟ್ಟಿ ಲೀಶ್ ಬೇಕು. ಎಳೆದಷ್ಟೂ ಉದ್ದವಾಗುವ ಬಗೆ ಬೇಡ. ಎಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಏಳರ ಒಳಗೆ, ಸಂಜೆ ಆರೂವರೆ ಕಳೆದ ಮೇಲೆ. ಬಾಯಿಕುಕ್ಕೆ ಹಾಕುವುದಾದರೆ ಎತ್ತಿಗೆ ಕಟ್ಟುವಂಥ ಬುಟ್ಟಿಯ ಬಗೆಯದನ್ನೇ ತನ್ನಿ, ಒಳಗೆ ಬಾಯಿ ತೆರೆದು ಏದುಸಿರು ಬಿಡಲು ಜಾಗ ಇರಬೇಕು. ಬಿಗಿ ಬಟ್ಟೆಯದನ್ನು ಕಟ್ಟಿದರೆ ನಮ್ಮ ಸೆಕೆಗೆ ನಾಯಿಯ ಮೈ ಕಾದು ಪ್ರಾಣಕ್ಕೇ ಕುತ್ತು. ಮೊದಲ ದಿನಗಳಲ್ಲಿ ಕುಕ್ಕೆಯೊಳಗೆ ಬೇಯಿಸಿದ ಕೋಳಿಯ ಚೂರು ಇಟ್ಟು ನಾಯಿ ತಾನಾಗಿ ಮೂತಿ ತೂರಿಸುವಂತೆ ಮಾಡಿ, ಕಟ್ಟಬೇಡಿ. ಆಮೇಲೆ ಒಂದೆರಡು ಸೆಕೆಂಡು, ಮರುದಿನ ಹತ್ತು, ಹೀಗೆ ವಾರದಲ್ಲಿ ಹತ್ತು ನಿಮಿಷಕ್ಕೆ ತನ್ನಿ. ಕಾಲಿನಿಂದ ಕೀಳಲು ನೋಡಿದರೆ ನೀವು ಅವಸರ ಮಾಡಿದಿರಿ ಎಂದರ್ಥ, ಹಿಂದಿನ ಹಂತಕ್ಕೆ ಹೋಗಿ.

ಎರಡು ನಾಯಿ ಕಚ್ಚಾಡಿದಾಗ ಬಾಯಿಯ ಬಳಿ ಕೈ ಬೇಡ. ಮೊದಲು ಬಾಲ್ದಿ ನೀರು. ಒಂದು ಹಿಡಿದೇಬಿಟ್ಟಿದ್ದರೆ ಎಳೆಯಬೇಡಿ, ಎಳೆದರೆ ಮಾಂಸ ಹರಿಯುತ್ತದೆ. ಹಿಡಿದ ನಾಯಿಯ ಹಿಂದಿನಿಂದ ಬಂದು ಅದರ ಕುತ್ತಿಗೆಯ ಬೆಲ್ಟನ್ನು ಎರಡೂ ಕೈಯಿಂದ ಮೇಲಕ್ಕೆ ಒಂದೇ ಸಮ ಎತ್ತಿ ಹಿಡಿಯಿರಿ, ಜಗ್ಗಬೇಡಿ. ಉಸಿರಿಗೆ ಬಾಯಿ ಬಿಟ್ಟ ಕ್ಷಣ ಹಿಂದಕ್ಕೆ ತಂದು ಬಾಗಿಲು ಹಾಕಿ. ಇದಕ್ಕೆ ಇಬ್ಬರು ಬೇಕು, ಇನ್ನೊಂದು ನಾಯಿಯನ್ನು ಇನ್ನೊಬ್ಬರು ಹಿಡಿದಿರಬೇಕು.

ಕಾನೂನಿನ ಮಾತು ಚಿಕ್ಕದು. ಪಿಟ್‌ಬುಲ್, ಅಮೆರಿಕನ್ ಸ್ಟಾಫರ್ಡ್‌ಶೈರ್, ರಾಟ್‌ವೈಲರ್ ಸೇರಿ 23 ಜಾತಿಗಳ ಆಮದು, ಮಾರಾಟ, ಮರಿ ಹುಟ್ಟಿಸುವುದನ್ನು ತಡೆಯುವಂತೆ ಕೇಂದ್ರ 2024ರ ಮಾರ್ಚ್ 12ರಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಎಪ್ರಿಲ್ 10ರಂದು ಅದನ್ನು ರದ್ದುಮಾಡಿತು. ಹಾಗೆಂದು ಯಜಮಾನರ ಹೊಣೆ ರದ್ದಾಗಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ ಸಾಕುಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಆರು ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅಲ್ಲಿ ಜಾತಿಯ ಹೆಸರೇ ಇಲ್ಲ. ಊರ ನಾಯಿಗೂ ಅದೇ ಕಲಂ.

ಕಚ್ಚಿದರೆ

ಯಾವ ನಾಯಿಯಾದರೂ, ಅದಕ್ಕೆ ರೇಬೀಸ್ ಲಸಿಕೆ ಆಗಿದೆ ಎಂದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಯೇ ತೊಳೆಯಿರಿ, ಎರಡು ನಿಮಿಷಕ್ಕೆ ಸಾಕು ಅನ್ನಿಸುತ್ತದೆ. ಅರಸಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ರಕ್ತ ಬಂದಿದ್ದರೆ ಲಸಿಕೆಯ ಜತೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೂಡ ಬೇಕು, ಅದನ್ನು ನೀವೇ ಕೇಳಿ. ಮಂಗಳೂರಿನವರು ವೆನ್ಲಾಕ್, ಉಡುಪಿಯವರು ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಹೋಗಬಹುದು. ಚರ್ಮಕ್ಕೆ ಕೊಡುವ ಕ್ರಮದಲ್ಲಾದರೆ ಲಸಿಕೆ 0, 3, 7 ಮತ್ತು 28ನೇ ದಿನ. ಕಚ್ಚಿದ ನಾಯಿಯ ಮೇಲೆ 10 ದಿನ ಕಣ್ಣಿಡಬೇಕು, ಆದರೆ ಆ ಹತ್ತು ದಿನ ಕಾದು ಲಸಿಕೆ ಶುರುಮಾಡೋಣ ಅನ್ನಬಾರದು.

ದೂರು ಬರೆಯುವಾಗ, ಆಸ್ಪತ್ರೆಯಲ್ಲಿ ಹೇಳುವಾಗ ‘ಪಿಟ್‌ಬುಲ್ ಕಚ್ಚಿತು’ ಎಂದಷ್ಟೇ ಹೇಳಿದರೆ ಹುಡುಕುವವರು ತಪ್ಪು ನಾಯಿಯ ಮನೆಗೆ ಹೋಗುತ್ತಾರೆ. ಹೀಗೆ ಬರೆಯಿರಿ: ಗಂಡು, ಕಂದು ಮೈ, ಎದೆಯಲ್ಲಿ ಬಿಳಿ ಮಚ್ಚೆ, ಮೊಣಕಾಲಿನಷ್ಟು ಎತ್ತರ, ಕಿವಿ ಮಡಿಕೆ, ಬಾಲ ನೇರ, ನೀಲಿ ಬೆಲ್ಟ್, ಯಾವ ಗೇಟಿನಿಂದ ಬಂತು, ಎಷ್ಟು ಗಂಟೆಗೆ.